ತಡವಾಗಿ ಬಂದವರು

ವಿಳಂಬವು ಅಪರಾಧವೇ? ಕೇಳುವುದಕ್ಕೆ ಸಣ್ಣ ಪ್ರಶ್ನೆ. ಭಾನುವಾರದ ಬಲಿಪೂಜೆಗೆ ಹತ್ತು ನಿಮಿಷ ತಡವಾಗಿ ಬಂದು ಹಿಂದಿನ ಬಾಗಿಲ ಬಳಿ ನಿಲ್ಲುವವನನ್ನು ನಾವು ತಿರುಗಿ ನೋಡುವ ನೋಟದಲ್ಲಿಯೇ ಅದಕ್ಕೆ ಉತ್ತರ ಸಿದ್ಧವಾಗಿರುತ್ತದೆ. ಅವನು ಯಾವ ದಾರಿಯಿಂದ ಬಂದನು, ದಾರಿಯಲ್ಲಿ ಏನಾಯಿತು ಎಂದು ವಿಚಾರಿಸುವ ವ್ಯವಧಾನ ನಮಗಿರುವುದಿಲ್ಲ. ಈ ಪ್ರಶ್ನೆ ಎಷ್ಟು ಆಳವಾದುದೆಂದು ತಿಳಿಯಬೇಕಾದರೆ, ಫುಟ್‌ಬಾಲ್ ಪಂದ್ಯ ನೋಡಲು ಇಂಗ್ಲೆಂಡಿನ ಹೆದ್ದಾರಿಗಳಲ್ಲಿ ಹೊರಡುವ ಜನರ ಪಾಡನ್ನು ಗಮನಿಸಬೇಕು.

ಆ ದೇಶದಲ್ಲಿ ತಂದೆಯ ತಂಡವೇ ಸಾಮಾನ್ಯವಾಗಿ ಮಗನ ತಂಡ. ತಂಡವು ಪರ ಊರಿಗೆ ಆಡಲು ಹೋದರೆ ಅಭಿಮಾನಿಗಳೂ ಹಿಂದೆಯೇ ಹೋಗುತ್ತಾರೆ. 2023-24ರ ಋತುವಿನಲ್ಲಿ ಈಶಾನ್ಯದ ಸಂಡರ್‌ಲ್ಯಾಂಡ್ ಮತ್ತು ನೈಋತ್ಯದ ಪ್ಲಿಮತ್ ಒಂದೇ ವಿಭಾಗದಲ್ಲಿ ಆಡುತ್ತಿದ್ದವು. ಆ ಎರಡು ಊರುಗಳ ನಡುವೆ ಸುಮಾರು 400 ಮೈಲಿಗಳ ಅಂತರ. ತೊಂಬತ್ತು ನಿಮಿಷಗಳ ಆಟಕ್ಕಾಗಿ ಹೋಗಿ ಬರುವುದು 800 ಮೈಲಿ! ಸಾಲದ್ದಕ್ಕೆ, ದೂರದರ್ಶನ ಸಂಸ್ಥೆಗಳ ಅನುಕೂಲಕ್ಕಾಗಿ ಶನಿವಾರ ಮಧ್ಯಾಹ್ನ 3 ಗಂಟೆಯ ಪಂದ್ಯವನ್ನು ಭಾನುವಾರಕ್ಕೋ ಸೋಮವಾರ ರಾತ್ರಿಗೋ ಸರಿಸುವುದು, 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾದ ಮೇಲೆ ಸಾಮಾನ್ಯ ಸಂಗತಿಯಾಗಿದೆ. ರಾತ್ರಿಯ ಪಂದ್ಯ ಮುಗಿಯುವ ಹೊತ್ತಿಗೆ ದೂರದೂರುಗಳ ಕೊನೆಯ ರೈಲು ಎಷ್ಟೋ ಸಲ ಹೊರಟುಹೋಗಿರುತ್ತದೆ. ಕಾರು ಇಲ್ಲವೇ ಬಸ್ಸೇ ಗತಿ. ಪರ ಊರಿನಿಂದ ಬರುವವರ ಟಿಕೆಟ್ಟಿಗೆ ಪ್ರೀಮಿಯರ್ ಲೀಗಿನಲ್ಲಿ 2016ರಿಂದ 30 ಪೌಂಡುಗಳ ಮಿತಿಯಿದೆ. ದಾರಿಯ ದಣಿವಿಗೆ ಮಿತಿ ಹಾಕಿದವರಿಲ್ಲ.

ಮೋಟರ್‌ವೇ ಎಂಬ ಆ ರಸ್ತೆಯ ಸ್ವಭಾವವೇ ಬೇರೆ. ಆಪತ್ತು ಒದಗಿದ ಹೊರತು ಅಲ್ಲಿ ವಾಹನ ನಿಲ್ಲಿಸುವಂತಿಲ್ಲ, ಹಿಂದಿರುಗುವಂತಿಲ್ಲ. ಮುಂದಿನ ಜಂಕ್ಷನ್ ಬರುವವರೆಗೆ ಹೊರಬೀಳಲು ದಾರಿಯಿಲ್ಲ. ಅಂಥ ಕಡೆ ಸಂಚಾರ ಸ್ಥಗಿತಗೊಂಡಿತೆಂದರೆ ಕಣ್ಣೆದುರಿಗೆ ಕೆಂಪು ದೀಪಗಳ ಸಾಲು ಮಾತ್ರ. ಮುಂದೆ ಅಪಘಾತವೋ ದುರಸ್ತಿಯೋ ತಿಳಿಯದು. ರೇಡಿಯೋದಲ್ಲಿ ಪಂದ್ಯ ಆರಂಭವಾದ ಗದ್ದಲ ಕೇಳಿಬರುತ್ತದೆ, ಹಿಂದಿನ ಸೀಟಿನಲ್ಲಿ ಮಗು ಅಳತೊಡಗುತ್ತದೆ. ಆಗ ಹುಟ್ಟುವ ಸಿಟ್ಟಿಗೆ ಒಂದು ಮುಖ ಬೇಕು. ಲಾರಿಯವನು, ಪಕ್ಕದ ಸಾಲಿನಿಂದ ನುಸುಳಿದವನು, ಬೆಳಿಗ್ಗೆ ಹೊರಡಲು ತಡಮಾಡಿದ ಹೆಂಡತಿ, ಹೀಗೆ ಯಾರಾದರೊಬ್ಬರು ಆ ಸ್ಥಾನಕ್ಕೆ ಸಿಗುತ್ತಾರೆ. ಸಂತೆಯಲ್ಲಾದರೆ ಎದುರಿನವನನ್ನು ಮಾತನಾಡಿಸಬಹುದು. ಮುಚ್ಚಿದ ಗಾಜುಗಳ ಹಿಂದೆ ಕುಳಿತವನಿಗೆ ವಿಚಾರಣೆಯಿಲ್ಲ, ತೀರ್ಪು ಮಾತ್ರ ಉಂಟು.

ಲಿವರ್‌ಪೂಲಿನ ಕಡೆಯಿಂದ ಪೆನೈನ್ ಬೆಟ್ಟಗಳನ್ನು ದಾಟಿ ಪೂರ್ವಕ್ಕೆ ಹೋಗುವ ಎಂ62 ಅಂಥದೊಂದು ರಸ್ತೆ. (ಅದರ ಎರಡು ಭಾಗಗಳ ನಡುವೆ ಒಂದು ಹಳೆಯ ತೋಟದ ಮನೆ ಇಂದಿಗೂ ನಿಂತಿದೆ, ಎರಡೂ ಬದಿಗಳಲ್ಲಿ ಹಗಲಿರುಳು ವಾಹನಗಳು.) 1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್.ಎ. ಕಪ್ಪಿನ ಸೆಮಿಫೈನಲ್ ಇತ್ತು. ಆ ದಿನ ಎಂ62ರಲ್ಲಿ ದುರಸ್ತಿ ಕೆಲಸ ನಡೆಯುತ್ತಿದ್ದುದರಿಂದ ಅನೇಕ ಲಿವರ್‌ಪೂಲ್ ಅಭಿಮಾನಿಗಳು ದಾರಿಯಲ್ಲಿ ಸಿಲುಕಿಕೊಂಡರು. ಕೊನೆಯ ಅರ್ಧ ಗಂಟೆಯಲ್ಲಿ ಕೆಲವೇ ಪ್ರವೇಶದ್ವಾರಗಳ ಮುಂದೆ ಸಾವಿರಾರು ಜನರು ಒತ್ತೊತ್ತಾಗಿ ಸೇರಿದರು. ಪಂದ್ಯವನ್ನು ಸ್ವಲ್ಪ ಹೊತ್ತು ಮುಂದೂಡಬಹುದಾಗಿತ್ತು, ಮುಂದೂಡಲಿಲ್ಲ. 2 ಗಂಟೆ 52 ನಿಮಿಷದ ಸುಮಾರಿಗೆ ಪೊಲೀಸರ ಅಪ್ಪಣೆಯಂತೆ ದೊಡ್ಡದೊಂದು ಗೇಟನ್ನು ತೆರೆಯಲಾಯಿತು. ಆಗಲೇ ತುಂಬಿದ್ದ, ಉಕ್ಕಿನ ಬೇಲಿಯ ಆವರಣಗಳಿಗೆ ಹೋಗುವ ಸುರಂಗದ ದಾರಿಯನ್ನು ಯಾರೂ ಮುಚ್ಚಲಿಲ್ಲ. ಆರಂಭವಾದ ಆರು ನಿಮಿಷಗಳಲ್ಲಿಯೇ ಪಂದ್ಯ ನಿಂತಿತು. ಆ ನೂಕುನುಗ್ಗಲಿನಿಂದ ಒಟ್ಟು 97 ಮಂದಿ ಪ್ರಾಣ ಕಳೆದುಕೊಂಡರು. ಕೊನೆಯವರು ಅಂದಿನ ಗಾಯಗಳ ಫಲವಾಗಿಯೇ 2021ರಲ್ಲಿ ತೀರಿಕೊಂಡರು.

ಶವಗಳು ಇನ್ನೂ ಅಲ್ಲಿರುವಾಗಲೇ ತೀರ್ಪು ಹೊರಬಿತ್ತು: ಅಭಿಮಾನಿಗಳು ತಡವಾಗಿ ಬಂದರು, ಕುಡಿದು ಬಂದರು, ಟಿಕೆಟ್ಟಿಲ್ಲದೆ ನುಗ್ಗಿದರು. ಅವರೇ ಗೇಟನ್ನು ಮುರಿದರೆಂದು ಹೊಣೆ ಹೊತ್ತಿದ್ದ ಅಧಿಕಾರಿಯೇ ಹೇಳಿದರು; ಅದು ಸುಳ್ಳೆಂದು ಅವರು ಒಪ್ಪಿಕೊಂಡದ್ದು 2015ರಲ್ಲಿ. ನ್ಯಾಯಮೂರ್ತಿ ಟೇಲರ್ ಅವರು 1989ರ ಆಗಸ್ಟಿನಲ್ಲಿಯೇ ಪೊಲೀಸ್ ನಿಯಂತ್ರಣದ ವೈಫಲ್ಯವೇ ಮುಖ್ಯ ಕಾರಣವೆಂದು ತಮ್ಮ ವರದಿಯಲ್ಲಿ ಹೇಳಿದ್ದರು. ಆದರೂ ಜನರ ಮನಸ್ಸಿನಲ್ಲಿ ನಿಂತದ್ದು ಮೊದಲಿನ ಮಾತು.

ಅದೇಕೆ ಅಷ್ಟು ಸುಲಭವಾಗಿ ನಿಂತಿತು? ಪೊಲೀಸರ ಸುಳ್ಳೊಂದೇ ಇದಕ್ಕೆ ಸಾಲದು. ಅದನ್ನು ನಂಬಲು ಸಿದ್ಧವಾದ ಮನಸ್ಸುಗಳೂ ಬೇಕು. ಸತ್ತವರದೇ ತಪ್ಪು ಎಂದಾದರೆ, ಹೊತ್ತಿಗೆ ಸರಿಯಾಗಿ ಹೊರಡುವ ನಮಗೆ ಅಂಥದು ಬರಲಾರದೆಂಬ ನೆಮ್ಮದಿಯುಂಟು. ಯೋಬನ ಗೆಳೆಯರು ಅವನ ಪಕ್ಕದಲ್ಲಿ ಕುಳಿತು ಹುಡುಕಿದ್ದೂ ಈ ನೆಮ್ಮದಿಯನ್ನೇ. ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿಯ ವಿಷಯ ಸಂತ ಲೂಕನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿದೆ. ಅವರು ಜೆರುಸಲೇಮಿನ ಇತರರಿಗಿಂತ ಹೆಚ್ಚಿನ ಪಾಪಿಗಳೆಂಬ ಎಣಿಕೆಯನ್ನು ಪ್ರಭು ಯೇಸು ಅಲ್ಲಿ ನೇರವಾಗಿ ತಳ್ಳಿಹಾಕುತ್ತಾರೆ. ಪಶ್ಚಾತ್ತಾಪದ ಕರೆ ಅಲ್ಲಿ ಸತ್ತವರಿಗಲ್ಲ, ಸುದ್ದಿಯನ್ನು ಕೇಳುತ್ತ ನಿಂತವರಿಗೆ. ಆ ಭಾಗವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಬುರುಜನ್ನು ಕಟ್ಟಿದವರು ಯಾರು, ಅದನ್ನು ನೋಡಿಕೊಳ್ಳಬೇಕಾದವರು ಯಾರು ಎಂಬ ವಿಚಾರಣೆಯನ್ನು ಈ ಮಾತು ತಡೆಯುವುದಿಲ್ಲ ಎಂಬುದು ನನ್ನ ಭಾವನೆ. ಸತ್ತವರ ಮೇಲಿನ ಬೆರಳು ಇಳಿದ ಮೇಲೆಯೇ ಅಂಥ ವಿಚಾರಣೆ ನೆಟ್ಟಗೆ ನಡೆದೀತು.

ಹಿಲ್ಸ್‌ಬರೋದ ವಿಷಯದಲ್ಲಿ ಆ ಬೆರಳು ಇಳಿಯಲು ಇಪ್ಪತ್ತೇಳು ವರ್ಷಗಳು ಹಿಡಿದವು. 2016ರ ಏಪ್ರಿಲ್ 26ರಂದು ಹೊಸ ವಿಚಾರಣೆಯ ಜ್ಯೂರಿಯು ಅದು ಕಾನೂನುಬಾಹಿರ ಹತ್ಯೆಯೆಂದೂ ಅಭಿಮಾನಿಗಳ ವರ್ತನೆ ಅದಕ್ಕೆ ಕಾರಣವಲ್ಲವೆಂದೂ ತೀರ್ಮಾನಿಸಿತು. ಹದಿನೈದು ವರ್ಷದ ಮಗ ಕೆವಿನ್‌ನನ್ನು ಅಲ್ಲಿ ಕಳೆದುಕೊಂಡು, ಎರಡು ದಶಕಗಳಿಗೂ ಮೀರಿ ನ್ಯಾಯಕ್ಕಾಗಿ ಅಲೆದ ಆ್ಯನ್ ವಿಲಿಯಮ್ಸ್ ಎಂಬ ತಾಯಿಗೆ ಹಳೆಯ ವಿಚಾರಣೆಯ ತೀರ್ಪು ರದ್ದಾದುದನ್ನು 2012ರ ಡಿಸೆಂಬರಿನಲ್ಲಿ ಕಾಣುವ ಭಾಗ್ಯವಿತ್ತು. ಹೊಸ ತೀರ್ಪು ಬರುವ ಮೂರು ವರ್ಷ ಮೊದಲೇ, 2013ರ ಏಪ್ರಿಲಿನಲ್ಲಿ, ಆಕೆ ತೀರಿಕೊಂಡಿದ್ದರು.