ಸೇತುವೆಯ ಬಳಿ ತಡೆದ ಕೈ

ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಬಿಹಾರದವನು. ನಾಲ್ಕು ದಿನದಿಂದ ನಿದ್ದೆಯಿಲ್ಲ. ಮೆಷೀನಿನ ಸದ್ದಿನೊಳಗೆ ಯಾರೋ ತನ್ನ ಹೆಸರು ಹಿಡಿದು ಬೈಯುತ್ತಿದ್ದಾರೆ ಎನ್ನುತ್ತಾನೆ. ನಡುರಾತ್ರಿ ರೂಮಿನ ಗೆಳೆಯರು ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ತರುತ್ತಾರೆ. ಬಾಗಿಲಲ್ಲೇ ಅವನು ತಿರುಗಿ ನಿಲ್ಲುತ್ತಾನೆ: ‘ನನಗೇನೂ ಆಗಿಲ್ಲ, ಬಿಡಿ.’ ರಾತ್ರಿ ಪಾಳಿಯ ಸಿಸ್ಟರ್ ಏನು ಮಾಡಬೇಕು? ಬಿಟ್ಟರೆ ಅವನು ತುಮಕೂರು ರಸ್ತೆಯ ಲಾರಿಗಳ ನಡುವೆ ನುಗ್ಗಬಹುದು. ಹಿಡಿದರೆ, ಬೇಡವೆಂದವನ ಮೈಮೇಲೆ ಕೈಹಾಕಿದಂತಾಗುತ್ತದೆ.

ಒಬ್ಬನ ಒಳಿತಿಗಾಗಿ ಅವನ ಇಚ್ಛೆಯನ್ನೇ ಮೀರುವುದಕ್ಕೆ ತತ್ತ್ವಶಾಸ್ತ್ರದಲ್ಲಿ ಪೆಟರ್ನಲಿಸಂ ಎಂದು ಹೆಸರು. ಅದನ್ನು ಕಟುವಾಗಿ ವಿರೋಧಿಸಿದವನು ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್. ಬೇರೆಯವರಿಗೆ ಹಾನಿಯಾಗದಂತೆ ತಡೆಯಲು ಮಾತ್ರ ಬಲ ಪ್ರಯೋಗಿಸಬಹುದು, ‘ನಿನ್ನ ಒಳ್ಳೆಯದಕ್ಕೇ’ ಎಂಬುದು ಸಾಕಾದ ಕಾರಣವಲ್ಲ ಎಂದು 1859ರ ‘ಆನ್ ಲಿಬರ್ಟಿ’ಯಲ್ಲಿ ಅವನು ವಾದಿಸಿದ. ಆದರೆ ಅದೇ ಪುಸ್ತಕದಲ್ಲಿ ಒಂದು ಸೇತುವೆಯ ಉದಾಹರಣೆಯೂ ಇದೆ. ಸೇತುವೆ ಶಿಥಿಲವಾಗಿದೆ. ಅದನ್ನು ತಿಳಿಯದ ದಾರಿಹೋಕ ದಾಟಲು ಹೊರಟಿದ್ದಾನೆ. ಎಚ್ಚರಿಸಲು ಸಮಯವಿಲ್ಲ. ಆಗ ಅವನನ್ನು ಹಿಡಿದೆಳೆದರೆ ಅವನ ಸ್ವಾತಂತ್ರ್ಯಕ್ಕೆ ನಿಜವಾದ ಧಕ್ಕೆಯಿಲ್ಲ, ಏಕೆಂದರೆ ಹೊಳೆಗೆ ಬೀಳುವುದು ಅವನ ಇಚ್ಛೆಯೇ ಅಲ್ಲ. ಅಪಾಯ ಖಚಿತವಲ್ಲದೆ ಸಂಭವ ಮಾತ್ರ ಇದ್ದರೆ, ಎಚ್ಚರಿಕೆ ಕೊಟ್ಟು ದಾರಿ ಬಿಡಬೇಕು. ಮಕ್ಕಳು ಮತ್ತು ಯೋಚಿಸುವ ಶಕ್ತಿ ಆ ಕ್ಷಣಕ್ಕೆ ಕದಡಿದವರು ಇದಕ್ಕೆ ಹೊರತು.

ಅಮೆರಿಕದ ಜೋಯೆಲ್ ಫೈನ್‌ಬರ್ಗ್ ಈ ವಿಚಾರವನ್ನು ಮುಂದೆ ಬೆಳೆಸಿದ. ತಿಳಿವಳಿಕೆ ಸರಿಯಿಲ್ಲದ ಗಳಿಗೆಯಲ್ಲಿ ತಡೆಯುವುದು ಮೃದು ಪೆಟರ್ನಲಿಸಂ. ತಿಳಿದೂ ತಿಳಿದೂ ಒಬ್ಬ ಮಾಡಿದ ಆಯ್ಕೆಯನ್ನು ತಳ್ಳಿಹಾಕುವುದು ಕಠಿಣ ಪೆಟರ್ನಲಿಸಂ. ಮೊದಲನೆಯದರಲ್ಲಿ ಹಿಡಿದ ಕೈ ‘ನಿನಗಿದು ಗೊತ್ತೇ?’ ಎಂದು ಕೇಳುತ್ತದೆ. ಎರಡನೆಯದರಲ್ಲಿ ಅದು ತೀರ್ಪನ್ನೇ ಕೊಟ್ಟುಬಿಡುತ್ತದೆ.

ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಈ ಬೆಳಕಿನಲ್ಲಿ ಓದಿದರೆ ಅದರ ಒಳದನಿ ಕೇಳಿಸುತ್ತದೆ. 2018ರ ಮೇ 29ರಂದು ಜಾರಿಗೆ ಬಂದ ಈ ಕಾಯ್ದೆಯ 94ನೇ ಕಲಂ ಸೇತುವೆಯ ಕ್ಷಣಕ್ಕಾಗಿಯೇ ಇದೆ. ಜೀವಕ್ಕೋ ಪರರಿಗೋ ತಕ್ಷಣದ ಅಪಾಯವಿದ್ದರೆ ನೋಂದಾಯಿತ ವೈದ್ಯರು ತುರ್ತು ಚಿಕಿತ್ಸೆ ಕೊಡಬಹುದು. ರೋಗಿಯ ಪರವಾಗಿ ಮಾತಾಡುವ ನಾಮನಿರ್ದೇಶಿತ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಬೇಕು. ಸಾಮಾನ್ಯ ಸಂದರ್ಭದಲ್ಲಿ ಇದರ ಮಿತಿ 72 ಗಂಟೆ. ಆ ಅವಧಿ ಇರುವುದು ಪ್ರಶ್ನೆ ಕೇಳುವುದಕ್ಕೆ, ಮನುಷ್ಯನನ್ನು ಸುಮ್ಮನಾಗಿಸುವುದಕ್ಕಲ್ಲ.

ಈಗ ನಗರದ ಇನ್ನೊಂದು ತುದಿಗೆ ಬನ್ನಿ. ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬಳು ಖಿನ್ನತೆಗೆ ತಾನಾಗಿಯೇ ದಾಖಲಾಗಿದ್ದಾಳೆ. ಮೂರನೇ ದಿನ ‘ಪ್ರಾಜೆಕ್ಟ್ ಡೆಡ್‌ಲೈನ್ ಇದೆ, ಡಿಸ್ಚಾರ್ಜ್ ಮಾಡಿ’ ಎನ್ನುತ್ತಾಳೆ. ಇನ್ನೊಂದು ವಾರ ಇದ್ದರೆ ಒಳಿತೆಂದು ಸಿಸ್ಟರ್‌ಗೂ ಗೊತ್ತು, ಅಮ್ಮನಿಗೂ ಗೊತ್ತು. ಆದರೂ ಹೋಗುವುದು ಅವಳ ಹಕ್ಕು. ಪ್ರಾಣಕ್ಕೆ ಕುತ್ತು ತಂದುಕೊಳ್ಳುವ ಲಕ್ಷಣದಂಥ ಗಂಭೀರ ಕಾರಣ ಕಂಡರೆ ಮಾತ್ರ, ಪರೀಕ್ಷೆಗಾಗಿ 24 ಗಂಟೆ ತಡೆಯಲು 88ನೇ ಕಲಂ ಅವಕಾಶ ಕೊಡುತ್ತದೆ. ಒಬ್ಬರ ನಿರ್ಧಾರ ಬೇರೆಯವರಿಗೆ ತಪ್ಪಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಅವರಿಗೆ ನಿರ್ಧರಿಸುವ ಸಾಮರ್ಥ್ಯವಿಲ್ಲ ಎನ್ನಲಾಗದು ಎಂದು 4ನೇ ಕಲಂ ಸಾರುತ್ತದೆ. ಕಠಿಣ ಪೆಟರ್ನಲಿಸಂಗೆ ಕಾನೂನು ಬಾಗಿಲು ಹಾಕಿರುವುದು ಇಲ್ಲಿ. ಕಂಪನಿಯ ಎಚ್‌ಆರ್ ವಿಭಾಗ ಫೋನ್ ಮಾಡಿ ‘ಏನು ಕಾಯಿಲೆ?’ ಎಂದರೂ ಬಾಯಿ ಬಿಡುವಂತಿಲ್ಲ. 23ನೇ ಕಲಂ ಗೋಪ್ಯತೆಗೆ ಕೊಟ್ಟ ವಿನಾಯಿತಿಗಳಲ್ಲಿ ಉದ್ಯೋಗದಾತರ ಕುತೂಹಲಕ್ಕೆ ಜಾಗವಿಲ್ಲ.

ಸಾಮರ್ಥ್ಯ ಎಂದರೇನು? ಕಾಯ್ದೆ ನೋಡುವುದು ಮೂರನ್ನು: ಹೇಳಿದ್ದು ಅರ್ಥವಾಗುತ್ತದೆಯೇ, ಪರಿಣಾಮ ತಿಳಿಯುತ್ತದೆಯೇ, ತನ್ನ ನಿರ್ಧಾರವನ್ನು ತಿಳಿಸಬಲ್ಲನೇ. ಆ ಮಾಹಿತಿಯನ್ನು ವ್ಯಕ್ತಿಗೆ ತಿಳಿಯುವ ಸರಳ ಭಾಷೆಯಲ್ಲೇ ಕೊಡಬೇಕು ಎಂಬ ಮಾತೂ ಅಲ್ಲೇ ಇದೆ. ಬಿಹಾರ, ಒಡಿಶಾಗಳ ಹುಡುಗರು ದುಡಿಯುವ ಪೀಣ್ಯದಲ್ಲಿ ಈ ಒಂದು ಸಾಲು ಬಹಳ ತೂಕದ್ದು. ಮೈಥಿಲಿ ಮಾತ್ರ ಬಲ್ಲವನಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲವೆಂದು ‘ಸಾಮರ್ಥ್ಯವಿಲ್ಲ’ ಎಂದು ಬರೆದರೆ ಅದು ರೋಗಿಯ ಸಾಮರ್ಥ್ಯದ ಪರೀಕ್ಷೆಯಲ್ಲ, ಆಸ್ಪತ್ರೆಯ ಅಸಾಮರ್ಥ್ಯದ ದಾಖಲೆ. ಅವನ ಭಾಷೆಯಲ್ಲಿ ಎಚ್ಚರಿಸದೆಯೇ ‘ಎಚ್ಚರಿಸಲು ಸಮಯವಿರಲಿಲ್ಲ’ ಎಂದರೆ ಮಿಲ್ ಒಪ್ಪುತ್ತಿರಲಿಲ್ಲ.

ಸಹಿ ಹಾಕುವವರು ವೈದ್ಯರಾದರೂ ರಾತ್ರಿಯಿಡೀ ಮಂಚದ ಪಕ್ಕದಲ್ಲಿರುವವರು ನರ್ಸ್. ಅವರ ಮಾತಿಗೆ ಕಾನೂನಿನ ಬಲವೂ ಇದೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿತರಾದ ಮನೋರೋಗ ನರ್ಸ್ ಮಾನಸಿಕ ಆರೋಗ್ಯ ವೃತ್ತಿಪರರಾಗುತ್ತಾರೆ. 89ನೇ ಕಲಮಿನಡಿ ರೋಗಿ ಒಪ್ಪದಿದ್ದಾಗಿನ ದಾಖಲಾತಿಗೆ ಒಬ್ಬ ಮನೋವೈದ್ಯರ ಜೊತೆಗೆ ಎರಡನೇ ಪರೀಕ್ಷಕರೂ ಬೇಕು. ಆ ಎರಡನೆಯವರು ಇಂಥ ನರ್ಸ್ ಆಗಬಹುದು. ಇಬ್ಬರೂ ಸ್ವತಂತ್ರವಾಗಿ ಪರೀಕ್ಷಿಸಬೇಕು ಎಂಬುದು ನಿಯಮ. ಅಂದರೆ ‘ಡಾಕ್ಟರ್ ಹೇಳಿದರು, ನಾನು ಬರೆದೆ’ ಎಂದು ನುಣುಚಿಕೊಳ್ಳಲು ಅಲ್ಲಿ ಎಡೆಯಿಲ್ಲ.

ಕಟ್ಟಿಹಾಕುವ ವಿಷಯದಲ್ಲಂತೂ ಕಾಯ್ದೆ ಇನ್ನೂ ನಿಷ್ಠುರ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಮನೋರೋಗಿಗಳ ವಸತಿಯೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. 28 ಜನ ಸತ್ತರು. ಇಂದು ಸರಪಳಿ ಪೂರ್ತಿ ನಿಷಿದ್ಧ, ಏಕಾಂತ ಬಂಧನವೂ ನಿಷಿದ್ಧ. ದೈಹಿಕ ತಡೆ ತಕ್ಷಣದ ಹಾನಿ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಅದಕ್ಕೆ ಮನೋವೈದ್ಯರ ಅನುಮತಿ ಬೇಕು, ಕಾರಣ ಮತ್ತು ಅವಧಿ ದಾಖಲಾಗಬೇಕು. ಶಿಕ್ಷೆಗಾಗಿಯೋ ಸಿಬ್ಬಂದಿ ಕೊರತೆಗಾಗಿಯೋ ಯಾರನ್ನೂ ಕಟ್ಟುವಂತಿಲ್ಲ. ನೂರಾರು ಕೆಲಸದ ನಡುವೆ ಆ ದಾಖಲೆ ಬರೆಯುವುದು ಸಿಸ್ಟರ್‌ಗೆ ಹೊರೆ ಎನಿಸಬಹುದು. ಆದರೆ ಹಿಡಿದ ಕೈ ಯಾವಾಗ ಬಿಟ್ಟಿತು ಎಂಬುದಕ್ಕೆ ಅದೇ ಸಾಕ್ಷಿ. ಕಾರ್ಖಾನೆ ವಲಯದ ಆಸ್ಪತ್ರೆಗಳು ರಾತ್ರಿ ಪಾಳಿಗೆ ಸಾಕಷ್ಟು ನರ್ಸ್‌ಗಳನ್ನೂ ಫೋನಿನಲ್ಲಾದರೂ ಸಿಗುವ ದುಭಾಷಿಗಳನ್ನೂ ಕೊಡದೆ ಈ ನೀತಿಯ ಭಾರವನ್ನೆಲ್ಲ ಒಬ್ಬ ಸಿಸ್ಟರ್ ಹೆಗಲಿಗೆ ಹಾಕುವುದು ಅನ್ಯಾಯ.

ನಾವೂ ಒಂದು ಕೆಲಸ ಮಾಡಬಹುದು. ಮನಸ್ಸು ಕೈಕೊಟ್ಟಾಗ ನಮ್ಮ ಪರವಾಗಿ ಮಾತಾಡಬೇಕಾದ ವಯಸ್ಕರೊಬ್ಬರ ಹೆಸರನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ, 14ನೇ ಕಲಂ ಅದನ್ನು ಮಾನ್ಯ ಮಾಡುತ್ತದೆ. ಅವರು ರಕ್ತಸಂಬಂಧಿಯೇ ಆಗಬೇಕಿಲ್ಲ, ರೂಮ್‌ಮೇಟ್ ಕೂಡ ಆಗಬಹುದು. ಊರು ಬಿಟ್ಟು ಬಂದು ಪೀಣ್ಯದಲ್ಲೋ ವೈಟ್‌ಫೀಲ್ಡ್‌ನಲ್ಲೋ ದುಡಿಯುತ್ತಿರುವವರು ಚೆನ್ನಾಗಿರುವಾಗಲೇ ಆ ಹಾಳೆ ಬರೆದಿಡಿ, ಹೆಸರಿಸಿದವರಿಗೂ ತಿಳಿಸಿ. ಮನಸ್ಸು ಭಾರವಾದರೆ ಯಾವ ಹೊತ್ತಿನಲ್ಲಾದರೂ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ.