ಮನೆಗಾಗಿ ಬಿಟ್ಟ ಹಣ

ವೃದ್ಧ ತಂದೆತಾಯಿಗಳ ಚಿಂತೆಗಳಲ್ಲಿ, ಸ್ವತಂತ್ರವಾಗಿ ದುಡಿಯಲಾರದ ಮಗ ಅಥವಾ ಮಗಳು ತಮ್ಮ ತರುವಾಯ ಎಲ್ಲಿ ವಾಸಿಸಬೇಕು ಎಂಬ ಚಿಂತೆಯೇ ಹಿರಿದು. ಅನ್ನವಸ್ತ್ರಗಳಿಗೆ ಬಂಧುಗಳು ಒದಗಿಯಾರು. ಸೂರಿಗೆ ಒದಗುವರೆಂಬ ಭರವಸೆ ಇರುವುದಿಲ್ಲ. ಆದಕಾರಣ ಅನೇಕರು ಮನೆ ಕೊಳ್ಳುವುದಕ್ಕೆಂದೇ ನಮೂದಿಸಿ ಮರಣಶಾಸನದಲ್ಲಿ ಹಣವನ್ನು ಬಿಡುತ್ತಾರೆ. ಇದಕ್ಕಿಂತ ನಿರ್ಮಲವಾದ ಕೊಡುಗೆಯನ್ನು ಊಹಿಸುವುದು ಕಷ್ಟ. ಆದರೂ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಕೊಡುಗೆಯೇ ಪಡೆದವರ ಜೀವನಾಧಾರವನ್ನು ಕೆಲಕಾಲ ಕಿತ್ತುಕೊಳ್ಳಬಲ್ಲದು. ಹಲವು ಕನ್ನಡ ಕುಟುಂಬಗಳು ಅಲ್ಲಿ ನೆಲೆಸಿರುವುದರಿಂದಲೂ, ಕೊಡುವವನ ಹೊಣೆ ಎಲ್ಲಿಗೆ ಮುಗಿಯುತ್ತದೆಂಬ ಪ್ರಶ್ನೆ ಅಲ್ಲಿ ನಿಚ್ಚಳವಾಗಿ ಎದ್ದುನಿಲ್ಲುವುದರಿಂದಲೂ ಆ ವ್ಯವಸ್ಥೆಯನ್ನು ತುಸು ವಿವರವಾಗಿ ನೋಡುವುದು ಉಚಿತ.

ಅಲ್ಲಿ ವಿಕಲಚೇತನರಿಗೆ ಮುಖ್ಯವಾಗಿ ಎರಡು ಬಗೆಯ ನೆರವುಂಟು. ಕೆಲಸ ಮಾಡಿ ತೆರಿಗೆ ತೆತ್ತವರು ಮುಂದೆ ಅಶಕ್ತರಾದಾಗ ದೊರೆಯುವ ವಿಮೆಯ ಹಣ ಒಂದು. ಇದಕ್ಕೂ ಪಡೆಯುವವರ ಆಸ್ತಿಗೂ ಸಂಬಂಧವಿಲ್ಲ. ಪಿತ್ರಾರ್ಜಿತವಾಗಿ ಎಷ್ಟು ಬಂದರೂ ಅದು ನಿಲ್ಲದು. ಇನ್ನೊಂದು ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್, ಸಂಕ್ಷೇಪವಾಗಿ ಎಸ್.ಎಸ್.ಐ. 1972ರಲ್ಲಿ ಶಾಸನವಾಗಿ 1974ರ ಜನವರಿಯಿಂದ ಜಾರಿಗೆ ಬಂದ ಈ ನೆರವು ಬಡವರಿಗೆ ಮಾತ್ರ ಮೀಸಲು. ಹುಟ್ಟಿನಿಂದ ಅಥವಾ ಬಾಲ್ಯದಿಂದಲೇ ದುಡಿಯಲಾರದವರಿಗೆ ಬಹುಮಟ್ಟಿಗೆ ಇದೇ ಗತಿ. 2025ರಲ್ಲಿ ಒಬ್ಬ ವ್ಯಕ್ತಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಗರಿಷ್ಠ ಮೊತ್ತ ತಿಂಗಳಿಗೆ 967 ಡಾಲರ್. ಇದನ್ನು ಪಡೆಯುವವರು ತಮ್ಮ ಹೆಸರಿನಲ್ಲಿ 2,000 ಡಾಲರಿಗಿಂತ ಹೆಚ್ಚಿನ ಸ್ವತ್ತನ್ನು ಇಟ್ಟುಕೊಳ್ಳುವಂತಿಲ್ಲ. ಈ ಮಿತಿ 1989ರಲ್ಲಿ ನಿಗದಿಯಾದದ್ದು. ಅಲ್ಲಿಂದೀಚೆಗೆ ಬೆಲೆಗಳೆಲ್ಲ ಏರಿದರೂ ಅದು ಒಂದು ಡಾಲರಿನಷ್ಟೂ ಏರಿಲ್ಲ.

ವಾಸದ ಮನೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದರ ಬೆಲೆ ಎಷ್ಟೇ ಇರಲಿ, ನೆರವು ಪಡೆಯುವವರು ಅದರಲ್ಲಿ ವಾಸವಾಗಿದ್ದರೆ ಸಾಕು. ಆದರೆ ಮನೆಯಾಗಲಿರುವ ಹಣಕ್ಕೆ ಈ ವಿನಾಯಿತಿ ಇಲ್ಲ. ಇದ್ದ ಮನೆಯನ್ನು ಮಾರಿ ಇನ್ನೊಂದನ್ನು ಕೊಳ್ಳುವವರಿಗೆ ಮೂರು ತಿಂಗಳ ಅವಧಿಯನ್ನು ಕಾನೂನು ಕೊಡುತ್ತದೆ. ಉಯಿಲಿನ ಮೂಲಕ ಹಣ ಬಂದವರಿಗೆ ಆ ದಾಕ್ಷಿಣ್ಯವೂ ಇಲ್ಲ. ಮಾರ್ಚ್ 5ರಂದು ತಾಯಿಯ ಉಯಿಲಿನಂತೆ ಮಗಳೊಬ್ಬಳ ಖಾತೆಗೆ 1,50,000 ಡಾಲರ್ ಸೇರಿತೆಂದುಕೊಳ್ಳೋಣ. ಮಾರ್ಚ್ ತಿಂಗಳಲ್ಲಿ ಅದು ಅವಳ ಆದಾಯವೆಂದು ಪರಿಗಣಿತವಾಗುತ್ತದೆ. ಆ ತಿಂಗಳ ನೆರವಿಗೆ ಅವಳು ಅರ್ಹಳಲ್ಲ. ಏಪ್ರಿಲ್ ಒಂದರಂದು ಖಾತೆಯಲ್ಲಿ ಉಳಿದದ್ದು ಅವಳ ಸ್ವತ್ತಾಗುತ್ತದೆ, ಏಪ್ರಿಲಿನದೂ ಇಲ್ಲ. ಮನೆ ಹುಡುಕಿ, ಪರೀಕ್ಷಿಸಿ, ಪತ್ರ ನೋಂದಾಯಿಸುವಷ್ಟರಲ್ಲಿ ಮೇ ತಿಂಗಳು ಬಂದರೆ ಆ ತಿಂಗಳೂ ಹೋಯಿತು. ಹೀಗೆ ತಡೆಹಿಡಿದ ನೆರವು ಹನ್ನೆರಡು ತಿಂಗಳು ಒಂದೇ ಸಮನೆ ನಿಂತರೆ ಮೊದಲಿನಿಂದ ಅರ್ಜಿ ಹಾಕಿ ವೈಕಲ್ಯವನ್ನು ಮತ್ತೆ ರುಜುವಾತುಪಡಿಸಬೇಕು. ಹಣಕ್ಕಿಂತ ದೊಡ್ಡ ನಷ್ಟವೆಂದರೆ ಮೆಡಿಕೇಡ್ ಎಂಬ ವೈದ್ಯಕೀಯ ನೆರವಿನದು. ಹೆಚ್ಚಿನ ರಾಜ್ಯಗಳಲ್ಲಿ ಅದು ಎಸ್.ಎಸ್.ಐ.ಗೆ ಅಂಟಿಕೊಂಡಿದೆ. ಹಾಸಿಗೆಯಿಂದ ಎಬ್ಬಿಸಿ, ಸ್ನಾನ ಮಾಡಿಸಿ, ಉಣ್ಣಿಸುವ ಪರಿಚಾರಕರ ಸಂಬಳ ಎಷ್ಟೋ ಮನೆಗಳಲ್ಲಿ ಅದರಿಂದಲೇ ಸಲ್ಲುತ್ತದೆ. ಅದೂ ಜೊತೆಗೆ ನಿಂತರೆ ಮನೆಗೆಂದು ಬಂದ ಹಣ ಮನೆಯಾಗುವ ಮೊದಲೇ ಕರಗತೊಡಗುತ್ತದೆ.

ಹೇಗೋ ಮನೆ ಕೊಂಡಳೆನ್ನೋಣ. ಮರುವರ್ಷ ಮಾಡು ಸೋರಿದರೆ ರಿಪೇರಿಗೆಂದು 3,000 ಡಾಲರ್ ಕೂಡಿಡಲು ಅವಳಿಗೆ ಅನುಮತಿಯಿಲ್ಲ. ಐದು ಲಕ್ಷದ ಮನೆಯನ್ನು ಹೊಂದಬಹುದು, ಅದರ ಮಾಡಿನ ಹಣವನ್ನು ಹೊಂದಬಾರದು! ಈ ವಿಪರ್ಯಾಸಕ್ಕೆ ಬಹುಕಾಲ ಪರಿಹಾರವೇ ಇರಲಿಲ್ಲ. 2014ರಲ್ಲಿ ‘ಏಬಲ್’ ಎಂಬ ಶಾಸನ ಬಂದು, ಎಳೆಯ ವಯಸ್ಸಿನಲ್ಲೇ ವಿಕಲರಾದವರು ವಿಶೇಷ ಖಾತೆಯೊಂದರಲ್ಲಿ ಉಳಿತಾಯ ಮಾಡಲು ಅವಕಾಶವಾಯಿತು. ಅದರಲ್ಲಿನ ಮೊದಲ ಒಂದು ಲಕ್ಷ ಡಾಲರ್ ಎಸ್.ಎಸ್.ಐ. ಲೆಕ್ಕಕ್ಕೆ ಬಾರದು, ವಸತಿಯ ವೆಚ್ಚಕ್ಕೂ ಅದನ್ನು ಬಳಸಬಹುದು. 26 ವರ್ಷಕ್ಕೆ ಮುನ್ನ ವೈಕಲ್ಯ ಒದಗಿರಬೇಕೆಂಬ ನಿಯಮ 2026ರ ಜನವರಿಯಿಂದ 46 ವರ್ಷಕ್ಕೆ ಸಡಿಲಗೊಂಡಿದೆ. ಆದರೆ ವರ್ಷಕ್ಕೆ ತುಂಬಬಹುದಾದ ಹಣಕ್ಕೆ ಮಿತಿಯಿದೆ, 2025ರಲ್ಲಿ ಅದು ಸಾಮಾನ್ಯವಾಗಿ 19,000 ಡಾಲರ್. ಮನೆಯ ಬೆಲೆ ಅದರಲ್ಲಿ ಒಮ್ಮೆಗೇ ಹಿಡಿಸದು.

ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದು ಶ್ರಾವಕರಿಗೆ ಅಪರಿಚಿತವಾದ ವಿಚಾರವಲ್ಲ. ಅಂತಹವರ ಕಣ್ಣಿಗೆ ಈ 2,000 ಡಾಲರಿನ ರೇಖೆ ಮೇಲುನೋಟಕ್ಕೆ ಪರಿಚಿತವೆನಿಸಬಹುದು. ಆದರೆ ಪರಿಗ್ರಹ ಪರಿಮಾಣವನ್ನು ಗೊತ್ತುಮಾಡುವವನು ವ್ರತಿಯೇ. ತನ್ನ ಅಗತ್ಯವನ್ನು ಅರಿತು, ತಾನೇ ಗೆರೆ ಎಳೆದುಕೊಳ್ಳುತ್ತಾನೆ. ಇಲ್ಲಿ ಗೆರೆಯನ್ನು ಎಳೆದವರು ಬೇರೆ, ಒಳಗೆ ನಿಲ್ಲುವವರು ಬೇರೆ. ಹೆಚ್ಚು ಅಗತ್ಯವುಳ್ಳವರಿಗೇ ಅತಿ ಕಡಿಮೆ ಸಂಗ್ರಹವನ್ನು ವಿಧಿಸುವುದಕ್ಕೆ ಸಂಯಮದ ಹೆಸರು ಸಲ್ಲದು.

ಈ ಇಕ್ಕಟ್ಟಿನಲ್ಲಿ ಕುಟುಂಬಗಳು ಮಾಡುವುದೇನು? ಕೆಲವರು ಬಂದ ಹಣವನ್ನು ತಿಳಿಸದೆ ಇರುತ್ತಾರೆ. ಅದು ಸುಳ್ಳು. ಸಿಕ್ಕಿಬಿದ್ದಾಗ ಪಡೆದದ್ದನ್ನೆಲ್ಲ ಹಿಂದಿರುಗಿಸಬೇಕಾದ ವ್ಯಕ್ತಿ ವಿಕಲಚೇತನರೇ ಆಗಿರುತ್ತಾರೆ, ಸಲಹೆ ಕೊಟ್ಟ ಬಂಧುವಲ್ಲ. ಇನ್ನು ಕೆಲವರು ಆ ಮಗುವಿನ ಹೆಸರನ್ನೇ ಉಯಿಲಿನಿಂದ ಬಿಟ್ಟು, ಅವನ ಪಾಲನ್ನು ಅಣ್ಣನಿಗೋ ಅಕ್ಕನಿಗೋ ಸೇರಿಸಿ ‘ನೀನು ನೋಡಿಕೊ’ ಎಂದು ಬಾಯಿಮಾತಿನಲ್ಲಿ ಒಪ್ಪಿಸುತ್ತಾರೆ. ಇದು ನಮ್ಮ ಜನಕ್ಕೆ ಸಹಜವಾಗಿ ಹೊಳೆಯುವ ದಾರಿ. ಅದರ ಹಿಂದಿನ ನಂಬಿಕೆ ಗೌರವಾರ್ಹವಾದದ್ದೇ. ಆದರೆ ಅಣ್ಣ ಎಷ್ಟೇ ಸಜ್ಜನನಾದರೂ ಕಾನೂನಿನ ದೃಷ್ಟಿಯಲ್ಲಿ ಆ ಹಣ ಅವನದು. ಅವನು ಸಾಲಗಾರನಾದರೆ ಸಾಲಿಗರು ಅದರ ಮೇಲೆ ಕೈಹಾಕಬಹುದು. ವಿವಾಹವಿಚ್ಛೇದನವಾದರೆ ಅದು ವ್ಯಾಜ್ಯಕ್ಕೆ ಸಿಕ್ಕೀತು. ಅವನೇ ಮೊದಲು ತೀರಿಕೊಂಡರೆ ಅವನ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ಆಗ ತಾಯಿಯ ಮಾತಿಗೆ ಸಾಕ್ಷಿ ಯಾರು? ಒಬ್ಬ ಮಗನ ರಕ್ಷಣೆಯನ್ನು ಇನ್ನೊಬ್ಬನ ಶೀಲಕ್ಕೂ ಆಯುಷ್ಯಕ್ಕೂ ಕಟ್ಟಿಹಾಕುವುದು ಇಬ್ಬರಿಗೂ ಮಾಡಿದ ಅನ್ಯಾಯ.

ಮೂರನೆಯದು ನ್ಯಾಸದ ದಾರಿ. ತಂದೆತಾಯಿಗಳು ತಮ್ಮ ಉಯಿಲಿನಲ್ಲಿಯೇ ಪಾಲನ್ನು ಮಗುವಿನ ಕೈಗೆ ಕೊಡದೆ, ಅವನ ವಿಶೇಷ ಅಗತ್ಯಗಳಿಗಾಗಿ ರಚಿಸಿದ ನ್ಯಾಸಕ್ಕೆ ಕೊಟ್ಟರೆ, ನ್ಯಾಸವೇ ಮನೆಯನ್ನು ಕೊಂಡು ಅವನನ್ನು ಅದರಲ್ಲಿ ಇರಿಸಬಹುದು. ಸರಿಯಾಗಿ ಬರೆದಿದ್ದರೆ ಆ ಹಣ ಅವನ ಸ್ವತ್ತೆನಿಸದು. ಅವನ ಕಾಲಾನಂತರ ಉಳಿದದ್ದು ಅವರು ಸೂಚಿಸಿದವರಿಗೆ ಸಲ್ಲುತ್ತದೆ. ಹಣ ಒಮ್ಮೆ ಅವನ ಕೈಸೇರಿದ ಮೇಲಾದರೆ ಬೇರೆ ಬಗೆಯ ನ್ಯಾಸವೊಂದೇ ಉಳಿಯುವುದು. 1993ರ ಶಾಸನ ಅನುಮತಿಸಿದ ಈ ನ್ಯಾಸವನ್ನು 65 ವರ್ಷ ತುಂಬುವ ಮೊದಲೇ ರಚಿಸಬೇಕು. ಅವನು ತೀರಿಕೊಂಡಾಗ ಮೆಡಿಕೇಡ್ ಅವನಿಗಾಗಿ ವೆಚ್ಚಮಾಡಿದ್ದನ್ನು ಮೊದಲು ಸರ್ಕಾರಕ್ಕೆ ತುಂಬಿಕೊಡಬೇಕು. 2016ರ ಡಿಸೆಂಬರಿನವರೆಗೆ ಬುದ್ಧಿಶಕ್ತಿ ಪೂರ್ಣವಾಗಿದ್ದ ವಿಕಲಚೇತನರಿಗೂ ಇಂತಹ ನ್ಯಾಸವನ್ನು ತಾವೇ ರಚಿಸುವ ಹಕ್ಕಿರಲಿಲ್ಲ, ತಂದೆತಾಯಿ, ಅಜ್ಜ ಅಜ್ಜಿ, ಪೋಷಕರು ಅಥವಾ ನ್ಯಾಯಾಲಯವೇ ರಚಿಸಬೇಕಿತ್ತು. ಹಣ ಅದೇ, ಮನೆ ಅದೇ, ಪ್ರೀತಿಯೂ ಅದೇ. ಉಯಿಲಿನ ಒಂದು ವಾಕ್ಯದ ವ್ಯತ್ಯಾಸ ಇಷ್ಟನ್ನು ಮಾಡುತ್ತದೆ. ಆ ವಾಕ್ಯವನ್ನು ಬರೆಯಬಲ್ಲವರು ಕೊಡುವವರು ಮಾತ್ರ.

ಇದು ನೆರವನ್ನು ಉಳಿಸಿಕೊಳ್ಳುವ ಜಾಣತನವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಮುಚ್ಚಿಡುವುದಕ್ಕೂ ನ್ಯಾಸಕ್ಕೂ ಇರುವ ಅಂತರವೆಂದರೆ, ನ್ಯಾಸಪತ್ರವನ್ನು ಅಧಿಕಾರಿಗಳ ಮುಂದಿಟ್ಟು ಅವರ ಪರಿಶೀಲನೆಗೆ ಒಪ್ಪಿಸಲಾಗುತ್ತದೆ. ಜೀವನವಿಡೀ ಪರಿಚಾರಕರ ನೆರವು ಬೇಕಾದ ವ್ಯಕ್ತಿಗೆ ಮಧ್ಯಮವರ್ಗದ ಯಾವ ಆಸ್ತಿಯೂ ಸಾಲುವುದಿಲ್ಲ. ಅಂತಹ ಕುಟುಂಬ ಒಂದು ಸೂರನ್ನು ಸೇರಿಸಿದರೆ ಸಾರ್ವಜನಿಕ ಬೊಕ್ಕಸಕ್ಕೆ ದ್ರೋಹವಾಗದು. ಎಲ್ಲವನ್ನೂ ತಾನೇ ಭರಿಸಬಲ್ಲ ಶ್ರೀಮಂತ ಮನೆತನ ಇದೇ ದಾರಿ ಹಿಡಿದರೆ, ಕಾನೂನು ಸುಮ್ಮನಿದ್ದರೂ ಅದನ್ನು ಸಮರ್ಥಿಸುವುದು ಸುಲಭವಲ್ಲ.

ಕರ್ನಾಟಕದಲ್ಲಿರುವ ಹಿರಿಯರಿಗೂ ಈ ವಿಷಯ ತಟ್ಟುತ್ತದೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಜೈನರಿಗೂ ಅನ್ವಯಿಸುವಂಥದು. ಉಯಿಲು ಬರೆಯದೆ ಅಜ್ಜ ತೀರಿಕೊಂಡರೆ, ಅವನಿಗಿಂತ ಮೊದಲೇ ಗತಿಸಿದ ಮಗನ ಮಕ್ಕಳು ಅಮೆರಿಕದಲ್ಲಿದ್ದರೂ ತಂದೆಯ ಪಾಲಿಗೆ ವಾರಸುದಾರರಾಗುತ್ತಾರೆ. ಅವರಲ್ಲೊಬ್ಬಳು ಎಸ್.ಎಸ್.ಐ. ಪಡೆಯುತ್ತಿದ್ದರೆ, ಬೆಳಗಾವಿಯ ಮನೆಯಲ್ಲಿ ಅವಳಿಗೆ ಬಂದ, ಮಾರಲು ಸಾಧ್ಯವಿರುವ ಪಾಲೂ ಅವಳ ಸ್ವತ್ತಿನ ಲೆಕ್ಕಕ್ಕೆ ಸೇರುತ್ತದೆ. ಆಗ ಬಂಧುಗಳಿಗೆ ಮೊದಲು ನೆನಪಾಗುವುದು ಹಕ್ಕುಬಿಡುಗಡೆ ಪತ್ರ. ಹೆಣ್ಣುಮಕ್ಕಳಿಂದ ಅದನ್ನು ಬರೆಸಿಕೊಳ್ಳುವ ರೂಢಿ ಇಲ್ಲಿ ಹಳೆಯದು. ಅದರ ಯೋಗ್ಯಾಯೋಗ್ಯತೆ ಬೇರೆ ಮಾತು. ಆದರೆ 1999ರ ಡಿಸೆಂಬರಿನ ಅಮೆರಿಕದ ಶಾಸನದ ಪ್ರಕಾರ ಪ್ರತಿಫಲವಿಲ್ಲದೆ ಸ್ವತ್ತನ್ನು ಬಿಟ್ಟುಕೊಟ್ಟವರು 36 ತಿಂಗಳವರೆಗೆ ನೆರವಿಗೆ ಅನರ್ಹರಾಗಬಹುದು. ಚಿಕ್ಕಪ್ಪನ ಮೇಲಿನ ಪ್ರೀತಿಯಿಂದ ಹಾಕಿದ ಒಂದು ಸಹಿ ಅವಳ ಮೂರು ವರ್ಷದ ಅನ್ನವನ್ನು ಕಳೆದೀತು. ಉಯಿಲು ಬರೆಯುವಾಗಲೂ ಪಾಲು ಮಾಡುವಾಗಲೂ ಎರಡೂ ದೇಶಗಳ ವಕೀಲರನ್ನು ಕೇಳುವುದು ಇದಕ್ಕಾಗಿಯೇ.

ನ್ಯಾಸದಿಂದ ಎಲ್ಲವೂ ತೀರಿತೆನ್ನಲಾಗದು. ಹಣ ಸ್ವತ್ತೆನಿಸದಿರಬೇಕಾದರೆ ಅದರ ಮೇಲೆ ಫಲಾನುಭವಿಗೆ ಯಾವ ಅಧಿಕಾರವೂ ಇರಬಾರದು. ಗೋಡೆಗೆ ಯಾವ ಬಣ್ಣ, ಬಚ್ಚಲಿಗೆ ಹಿಡಿಕೆ ಎಲ್ಲಿ, ಯಾವ ಊರಿನಲ್ಲಿ ಮನೆ ಎಂಬುದನ್ನೆಲ್ಲ ನಿರ್ಧರಿಸುವವರು ನ್ಯಾಸಧಾರಿಗಳು. ನಲವತ್ತು ವರ್ಷದ ಮಗಳು ತನ್ನ ಮನೆಯಲ್ಲಿ ಅತಿಥಿಯಂತೆ ಕೇಳಿ ಪಡೆಯಬೇಕು. ಈ ಕೊರತೆಯನ್ನು ತುಸುವಾದರೂ ತುಂಬಲು ತಂದೆತಾಯಿಗಳು ನ್ಯಾಸಪತ್ರದ ಜೊತೆಗೆ ಇಚ್ಛಾಪತ್ರವೊಂದನ್ನು ಬರೆದಿಡುವುದುಂಟು. ಕಾನೂನಿನ ಬಲ ಅದಕ್ಕಿಲ್ಲ. ನ್ಯಾಸಧಾರಿಯ ಅಂತಃಕರಣಕ್ಕೆ ಮಾತ್ರ ಅದು ಅರಿಕೆ. ಅದನ್ನು ಬರೆಯುವ ಮುನ್ನ ಮಗಳನ್ನೇ ಕೂರಿಸಿಕೊಂಡು, ಎಂತಹ ಮನೆ ಬೇಕು, ಯಾರ ನೆರೆಯಲ್ಲಿ ಬೇಕು ಎಂದು ಕೇಳಿ ಅವಳ ಮಾತಿನಲ್ಲೇ ಬರೆದವರೂ ಇದ್ದಾರೆ.