ಕಣ, ಕೋಲು, ಮುಯ್ಯಿ

ರಾಗಿ ಕೊಯ್ಲು ಮುಗಿದ ದಿನಗಳಲ್ಲಿ ಕೋಲಾರ ಜಿಲ್ಲೆಯ ಯಲ್ದೂರಿನ ಸುತ್ತ ಓಡಾಡಿದರೆ ಡಾಂಬರು ರಸ್ತೆಯೇ ಕಣ. ತೆನೆಯ ಹಾಸಿನ ಮೇಲೆ ಬಸ್ಸು, ಟೆಂಪೊಗಳು ಹರಿಯುತ್ತವೆ, ಕಾಳು ಉದುರುತ್ತದೆ. ಕೆಲಸವೇನೋ ಆಗುತ್ತದೆ. ಆದರೆ ಆ ಕಣದಲ್ಲಿ ಯಾರೂ ಕುಣಿಯುವುದಿಲ್ಲ.

ಹಿಂದಿನ ಕಣ ಹಾಗಿರಲಿಲ್ಲ. ನೆಲ ಕೆತ್ತಿ, ನೀರು ಚಿಮುಕಿಸಿ, ಗಟ್ಟಿಯಾಗಿ ತುಳಿದು, ಸಗಣಿ ಬಗ್ಗಡ ಸಾರಿಸಬೇಕಿತ್ತು. ನಡುವೆ ಮೇಟಿಕಂಬ. ಸುತ್ತ ಎತ್ತುಗಳು ಎಳೆಯುವ ಗುಂಡುಕಲ್ಲು. ರಾಶಿಯ ತಲೆಗೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕ. ಒಳಗೆ ಕಾಲಿಡುವವರು ಚಪ್ಪಲಿ ಹೊರಗೇ ಬಿಡಬೇಕು. ಬೆಳದಿಂಗಳಿದ್ದರೆ ಅದೇ ನೆಲ ಕೋಲಾಟಕ್ಕೂ ಒದಗುತ್ತಿತ್ತು. ಗಡಿನಾಡಾದ್ದರಿಂದ ಹಾಡು ಕನ್ನಡದಿಂದ ತೆಲುಗಿಗೆ ಹೊರಳಿದರೂ ಕೋಲಿನ ಗತಿ ತಪ್ಪುತ್ತಿರಲಿಲ್ಲ.

ಕುಣಿಯುತ್ತಿದ್ದವರು ಯಾರು? ಮುಯ್ಯಾಳುಗಳು. ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಕೂಲಿಯಿಲ್ಲ, ಋಣವುಂಟು. ಅಮೆರಿಕದ ಹಳ್ಳಿಗಳಲ್ಲೂ ನೆರೆಯವರೆಲ್ಲ ಸೇರಿ ಒಬ್ಬನ ಕಣಜದ ಮನೆ ಎತ್ತಿಕೊಟ್ಟು, ಆಮೇಲೆ ಅಲ್ಲೇ ಕುಣಿಯುವ ರೂಢಿಯಿತ್ತು. ಒಟ್ಟಿಗೆ ಬೆವರಿದವರಿಗೆ ಒಟ್ಟಿಗೆ ಕುಣಿಯಬೇಕೆನ್ನಿಸುವುದು ಸಹಜ.

ಜಡೆ ಕೋಲಾಟ ನೋಡಿ. ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಒಂದೊಂದು ಕೈಯಲ್ಲಿ ಹಿಡಿದು, ಒಬ್ಬರನ್ನೊಬ್ಬರು ಹಾಯ್ದು ಜಡೆ ಹೆಣೆಯುತ್ತಾರೆ. ಬಿಚ್ಚಬೇಕಾದರೆ ಬಂದ ಹೆಜ್ಜೆಯಲ್ಲೇ ಎಲ್ಲರೂ ಹಿಂದಿರುಗಬೇಕು. ಒಬ್ಬ ಮರೆತರೆ ಎಲ್ಲರ ಹಗ್ಗಕ್ಕೂ ಗಂಟು. ಮುಯ್ಯಿಯ ಲೆಕ್ಕವೂ ಇದೇ.

ಆ ಕಾಲವೆಲ್ಲ ಚಿನ್ನವಾಗಿತ್ತು ಎನ್ನಲಾರೆ. ತಮಟೆ ಬಡಿದವರು ದಲಿತರು. ತಾಳ ಅವರದು, ಕಣದೊಳಗಿನ ಜಾಗ ಅವರದಲ್ಲ. ರಾಶಿಯ ಪಾಲಿಗೆ ಅವರು ಅಂಚಿನಲ್ಲೇ ಕಾಯಬೇಕಿತ್ತು. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದದ್ದು 2023ರಲ್ಲಿ. ಅಷ್ಟು ತಡವಾಗಿ ಸಂದ ಮುಯ್ಯಿ ಅದು.

ಈ ಬದುಕಿನ ಕುರುಹು ಉಳಿಸಲು ಹೊರಟವರೂ ಇದ್ದಾರೆ. ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವೆಂಬ ಸಂಗ್ರಹಾಲಯ ಕಟ್ಟಿ ನೇಗಿಲು, ಕೂರಿಗೆ, ಒನಕೆಗಳನ್ನು ಉಳಿಸಿದರು. ಕಲಾವಿದರಿಗೆ ಅಂಗಳ ಕೊಟ್ಟರು. ಅದು ದೊಡ್ಡ ಉಪಕಾರ. ಆದರೆ ಅಲ್ಲಿ ಕುಣಿಯುವವರೂ ನೋಡುವವರೂ ಬೇರೆ ಬೇರೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಲೇಖಕ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದ ‘ಹುಣ್ಣಿಮೆ ಹಾಡು’ ಮಾತ್ರ ಆ ಹಳೆಯ ಬೆಳದಿಂಗಳಿಗೆ ಹತ್ತಿರ. ಅಂಚಿಗೆ ತಳ್ಳಿದ್ದ ತಮಟೆ ಅಲ್ಲಿ ನಡುವೆ ಬಂದಿದೆ.

ಕಣ ಎಂದೂ ಕಾಯಂ ಅಲ್ಲ. ವರ್ಷ ವರ್ಷವೂ ಸಾರಿಸುತ್ತಿದ್ದರು, ಮಳೆ ಬಿದ್ದೊಡನೆ ಉತ್ತುಬಿಡುತ್ತಿದ್ದರು. ಮತ್ತೆ ಮಾಡಬಲ್ಲವರು ಇದ್ದುದರಿಂದಲೇ ಅದು ಉಳಿದಿತ್ತು. ಕೋಲನ್ನು ಗಾಜಿನೊಳಗೆ ಇಡಬಹುದು, ಮುಯ್ಯಿಯನ್ನು ಇಡಲಾಗದು. ಕೋಲಾಟ ಉಳಿಯಲಿ ಎನ್ನುವವರು ಈ ಸುಗ್ಗಿಯಲ್ಲಿ ಒಂದು ದಿನ ನೆರೆಯವರ ಕೆಲಸಕ್ಕೆ ಕೈ ಹಾಕಿ. ಈ ಸಲವಾದರೂ ಅಂಚಿನಲ್ಲಿ ನಿಂತವರನ್ನು ಒಳಗೆ ಕರೆಯಿರಿ.